ಸಾಬೂನು ಕೆಡದಂತೆ ಕಾಯ್ದ ಕಥೆ

ಕೆಡುವುದು ಎಂಬ ಒಂದು ಕ್ರಿಯೆಗೆ ನಮ್ಮ ಕನ್ನಡದಲ್ಲಿ ಎಷ್ಟೊಂದು ಹೆಸರುಗಳುಂಟು! ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹಣ್ಣು ಕೊಳೆಯುತ್ತದೆ, ಹಿಟ್ಟು ಮುಗ್ಗುತ್ತದೆ, ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ, ಎಣ್ಣೆಗೆ ಕಮಟು ಹಿಡಿಯುತ್ತದೆ. ಇದು ಬರಿಯ ಮಾತಿನ ಸೊಗಸಲ್ಲ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಬಗೆಯ ಕೇಡು, ಅದಕ್ಕೆ ತಕ್ಕ ಒಂದೊಂದು ಬಗೆಯ ಕಾಪು ಇದೆ. ನಮ್ಮ ಮನೆಗಳ ಹಿರಿಯ ಹೆಂಗಸರು ಹಿಟ್ಟನ್ನು ಬಿಸಿಲಿಗೆ ಹರಡುತ್ತಿದ್ದರು. ಉಪ್ಪಿನಕಾಯಿಗೆ ಉಪ್ಪನ್ನು ಮುಂದಾಗಿ ಹಾಕುತ್ತಿದ್ದರು. ಬೆಣ್ಣೆಯನ್ನು ನೀರಿನ ಪಸೆ ಆರುವವರೆಗೆ ಕಾಯಿಸಿ ತುಪ್ಪಮಾಡಿ ಇಡುತ್ತಿದ್ದರು. ಒಂದರ ಉಪಾಯವನ್ನು ಇನ್ನೊಂದಕ್ಕೆ ಹೂಡುತ್ತಿರಲಿಲ್ಲ.

ಹಾಗಾದರೆ ಸಾಬೂನು ಕೆಡುವುದು ಈ ಪಟ್ಟಿಯಲ್ಲಿ ಯಾವ ಜಾತಿಯದು? ಕೊಳೆಯನ್ನು ಕಳೆಯುವ ವಸ್ತುವೇ ಕೆಡುವುದುಂಟೆ ಎಂದು ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಉಂಟು. ಮನೆಯಲ್ಲಿ ಸಾಬೂನು ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ಅಚ್ಚಿನಿಂದ ತೆಗೆದಾಗ ಬೆಣ್ಣೆಯಂತಿದ್ದ ಬಿಲ್ಲೆಯ ಮೇಲೆ ಕೆಲವು ತಿಂಗಳುಗಳಾದ ಬಳಿಕ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತವೆ. ಚುಕ್ಕೆ ಹರಡುತ್ತದೆ, ಮೈ ಜಿಗುಟಾಗುತ್ತದೆ, ಹಳೆಯ ಕಡಲೆಕಾಯಿಯ ವಾಸನೆ ಹೊಡೆಯುತ್ತದೆ. ಇಂದು ನಮ್ಮ ಊರೂರುಗಳಲ್ಲಿ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ಸಾಬೂನು ಮಾಡಿ ಮಾರಿ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸುತ್ತಿದ್ದಾರೆ. ಅವರ ಪಾಲಿಗೆ ಒಂದು ಪಾಕ ಕೆಟ್ಟಿತೆಂದರೆ ಎಣ್ಣೆಯ ಹಣವೂ ಹೋಯಿತು, ಕೊಳ್ಳುವವರ ನಂಬಿಕೆಯೂ ಹೋಯಿತು. ಆದುದರಿಂದ ಸಾಬೂನನ್ನು ಕೆಡದಂತೆ ಕಾಯುವುದಕ್ಕೆ ಹಿಂದಿನವರು ಏನೇನು ಮಾಡಿದರು, ಏನೇನನ್ನು ಬೆರೆಸಿದರು ಎಂಬ ಚರಿತ್ರೆ ಬರಿಯ ಕುತೂಹಲದ ವಿಷಯವಲ್ಲ.

ಮೊದಲು ಸಾಬೂನು ಎಂದರೇನೆಂಬುದನ್ನು ನೋಡೋಣ. ಎಣ್ಣೆ ಅಥವಾ ಕೊಬ್ಬು, ಅದರೊಡನೆ ತೀಕ್ಷ್ಣವಾದ ಕ್ಷಾರ: ಇವೆರಡೂ ಕೂಡಿ ತಮ್ಮ ಗುಣವನ್ನು ಬಿಟ್ಟು ಮೂರನೆಯದೊಂದು ಆಗುವುದೇ ಸಾಬೂನು. ಜೊತೆಗೆ ಗ್ಲಿಸರಿನ್ ಎಂಬ ಸಿಹಿಯಾದ ದ್ರವವೂ ಹುಟ್ಟುತ್ತದೆ. ಕ್ಷಾರವನ್ನು ತೆಗೆಯುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕವಿಧಿ ಎಂಬ ಒಂದು ಅಧ್ಯಾಯವೇ ಇದೆ. ಗಿಡಮರಗಳನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಕಾಯಿಸಿ, ಸುಟ್ಟ ಸುಣ್ಣವನ್ನು ಸೇರಿಸಿ ಅದನ್ನು ತೀಕ್ಷ್ಣಗೊಳಿಸುವ ಕ್ರಮವನ್ನು ಅಲ್ಲಿ ವಿವರವಾಗಿ ಹೇಳಿದೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಹೊರತಂದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಈ ವಿಧಿಯನ್ನು ಬಹುವಾಗಿ ಮೆಚ್ಚಿಕೊಂಡಿದ್ದಾರೆ. ಆದರೆ ಸುಶ್ರುತನ ಕ್ಷಾರ ಶಸ್ತ್ರವೈದ್ಯಕ್ಕೆ ಮೀಸಲಾಗಿದ್ದಿತು. ಮೈ ತೊಳೆಯಲು ನಮ್ಮಲ್ಲಿ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಸಾಕಾಗಿದ್ದುವು. ಬಟ್ಟೆಗೆ ಮಡಿವಾಳರ ಚೌಳುಮಣ್ಣೂ ಉಬ್ಬೆಯೂ ಇದ್ದುವು. ಸೀಗೆ, ಅಂಟುವಾಳಗಳು ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವಂಥವಲ್ಲ. ಆದುದರಿಂದ ಸಾಬೂನಿನ ಕೇಡೂ ಅದರ ಚಿಂತೆಯೂ ನಮ್ಮ ಹಿಂದಿನವರನ್ನು ಅಷ್ಟಾಗಿ ಕಾಡಲಿಲ್ಲ.

ಸಾಬೂನೆಂಬ ಹೆಸರೇ ಹೊರಗಿನಿಂದ ಬಂದುದು. ಲ್ಯಾಟಿನ್ನಿನ ಸಾಪೊ, ಅರಬ್ಬಿಯ ಸಾಬೂನ್, ಪೋರ್ಚುಗೀಸಿನ ಸಬಾವ್ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಗ್ರಂಥಕಾರ ಪ್ಲಿನಿ, ಗಾಲ್ ದೇಶದವರು ಕೊಬ್ಬು ಮತ್ತು ಬೂದಿಯಿಂದ ಈ ವಸ್ತುವನ್ನು ಮಾಡುವರೆಂದೂ, ಇದರಲ್ಲಿ ಗಟ್ಟಿ ಮತ್ತು ತೆಳು ಎಂಬ ಎರಡು ಬಗೆಯುಂಟೆಂದೂ, ಕೂದಲನ್ನು ಕೆಂಪು ಮಾಡಿಕೊಳ್ಳಲು ಇದನ್ನು ಬಳಸುವರೆಂದೂ ಬರೆದಿದ್ದಾನೆ. ಕೊಳೆ ತೊಳೆಯುವ ಮಾತನ್ನು ಅವನು ಎತ್ತಿಲ್ಲವೆಂಬುದು ಸ್ವಾರಸ್ಯ.

ಸಾಬೂನನ್ನು ಬಹುಕಾಲ ಇರಿಸುವ ಕಲೆಯನ್ನು ಸಿದ್ಧಿಸಿಕೊಂಡವರು ಮೆಡಿಟರೇನಿಯನ್ ಸಮುದ್ರದ ಸುತ್ತಣ ಜನ. ಸಿರಿಯಾ ದೇಶದ ಅಲೆಪ್ಪೊ ಪಟ್ಟಣದ ಪದ್ಧತಿಯನ್ನು ನೋಡಿ. ಅಲ್ಲಿ ಚಳಿಗಾಲದಲ್ಲಿ ಆಲಿವ್ ಎಣ್ಣೆಯನ್ನು ಕ್ಷಾರದೊಡನೆ ದೊಡ್ಡ ಕೊಪ್ಪರಿಗೆಯಲ್ಲಿ ದಿನಗಟ್ಟಲೆ ಕುದಿಸುತ್ತಾರೆ. ಕೊನೆಯಲ್ಲಿ ಲಾರೆಲ್ ಎಂಬ ಮರದ ಕಾಯಿಯ ಎಣ್ಣೆಯನ್ನು ಬೆರೆಸಿ, ಪಾಕವನ್ನು ನೆಲದ ಮೇಲೆ ಹರಡಿ, ಬಿಲ್ಲೆಗಳಾಗಿ ಕೊಯ್ದು, ನಡುನಡುವೆ ಗಾಳಿಯಾಡುವಂತೆ ಗೋಪುರಗಳಾಗಿ ಜೋಡಿಸುತ್ತಾರೆ. ಹೀಗೆ ಆರರಿಂದ ಒಂಬತ್ತು ತಿಂಗಳು ಬಿಟ್ಟರೆ ಹಸುರು ಬಿಲ್ಲೆಯ ಹೊರಮೈ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಒಡೆದು ನೋಡಿದರೆ ಒಳಗೆ ಹಸುರು ಹಾಗೆಯೇ ಇರುತ್ತದೆ. ಈ ಕಸಬನ್ನು 2024ರಲ್ಲಿ ಯುನೆಸ್ಕೊ ಸಂಸ್ಥೆ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಫ್ರಾನ್ಸ್ ದೇಶದ ಮಾರ್ಸೇಲ್ಸ್ ಬಂದರಿನಲ್ಲಿ ಇದೇ ತಿಳಿವಳಿಕೆ ಅರಸನ ಕಟ್ಟಳೆಯಾಗಿಯೇ ಬಂದಿತು. 1688ರಲ್ಲಿ ಹದಿನಾಲ್ಕನೆಯ ಲೂಯಿಯ ಆಳ್ವಿಕೆಯಲ್ಲಿ ಹೊರಟ ಶಾಸನವು ಸಾಬೂನಿಗೆ ಆಲಿವ್ ಎಣ್ಣೆಯ ಹೊರತು ಬೇರೆ ಕೊಬ್ಬನ್ನು ಸೇರಿಸಕೂಡದೆಂದು ವಿಧಿಸಿತು. ಅಷ್ಟೇ ಅಲ್ಲ, ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಒಲೆಯನ್ನೇ ಹೊತ್ತಿಸಕೂಡದೆಂದಿತು. ಬೇಸಗೆಯ ಸೆಕೆ ಸಾಬೂನಿನ ಗುಣವನ್ನು ಕೆಡಿಸುತ್ತದೆಂಬುದೇ ಅದಕ್ಕೆ ಕಾರಣ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಲೆಪ್ಪೊದವರಾಗಲಿ ಮಾರ್ಸೇಲ್ಸಿನವರಾಗಲಿ ಕಾಪಿನ ವಸ್ತುವೆಂದು ಪ್ರತ್ಯೇಕವಾಗಿ ಏನನ್ನೂ ಬೆರೆಸುತ್ತಿರಲಿಲ್ಲ. ಎಣ್ಣೆಯ ಆಯ್ಕೆ, ಋತುವಿನ ಆಯ್ಕೆ, ಚೆನ್ನಾಗಿ ಕುದಿಸುವುದು, ತಾಳ್ಮೆಯಿಂದ ಒಣಗಿಸುವುದು ಇವೇ ಅವರ ಕಾಪು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಟ್ಟು ಸಡಿಲವಾಯಿತು. ನಿಕೊಲಾ ಲೆಬ್ಲಾಂಕ್ ಎಂಬ ಫ್ರೆಂಚ್ ವೈದ್ಯನು ಅಡಿಗೆಯ ಉಪ್ಪಿನಿಂದ ಸೋಡ ತೆಗೆಯುವ ಕ್ರಮಕ್ಕೆ 1791ರಲ್ಲಿ ಸನ್ನದು ಪಡೆದನು. ಕಡಲ ಗಿಡಗಳನ್ನು ಸುಟ್ಟು ಬೂದಿ ಕೂಡಿಹಾಕುವ ಕಷ್ಟ ಕ್ರಮೇಣ ತಪ್ಪಿತು. 1823ರಲ್ಲಿ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞನು ಕೊಬ್ಬುಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಸಾಬೂನು ಹುಟ್ಟುವ ಗುಟ್ಟನ್ನು ಬಿಡಿಸಿ ತೋರಿಸಿದನು. ಸಾಬೂನು ಅಗ್ಗವಾಯಿತು; ಜನಸಾಮಾನ್ಯರ ಕೈಗೆ ಬಂದಿತು. ಆದರೆ ಬೇಡಿಕೆ ಬೆಳೆದಂತೆ ಸಿಕ್ಕ ಸಿಕ್ಕ ಎಣ್ಣೆ, ಸಿಕ್ಕ ಸಿಕ್ಕ ಕೊಬ್ಬು ಕೊಪ್ಪರಿಗೆಗೆ ಬಿದ್ದುವು. ಅವುಗಳ ಜೊತೆಗೆ ಕಮಟೂ ಬಂದಿತು.

ಆಗ ಬೆರಕೆಯ ವಸ್ತುಗಳ ಕಾಲ ಮೊದಲಾಯಿತು. ಮೊದಲನೆಯದು ಪೈನ್ ಮರದ ರಾಳ. ಬೆಲೆ ಕಡಮೆ, ನೊರೆ ಹೆಚ್ಚು ಎಂದು ಅದನ್ನು ಬಟ್ಟೆ ಒಗೆಯುವ ಹಳದಿ ಸಾಬೂನಿಗೆ ಹಾಕುತ್ತಿದ್ದರು. ಕಮಟನ್ನು ತಡೆಯುತ್ತದೆಂಬ ನಂಬಿಕೆಯೂ ಕಸಬಿನವರಲ್ಲಿದ್ದಿತು. ಅಮೆರಿಕದಲ್ಲಿ ಈ ರಾಳ ಬರುತ್ತಿದ್ದುದು ದಕ್ಷಿಣದ ಸಂಸ್ಥಾನಗಳ ಪೈನ್ ಕಾಡುಗಳಿಂದ. 1861ರಿಂದ 1865ರವರೆಗೆ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧದಲ್ಲಿ ಆ ದಾರಿ ಮುಚ್ಚಿತು. ಉತ್ತರದ ಸಾಬೂನು ತಯಾರಕರು ಬೇರೆ ಗತಿಯಿಲ್ಲದೆ ನೀರುಗಾಜು, ಎಂದರೆ ಸೋಡಿಯಂ ಸಿಲಿಕೇಟನ್ನು ಹಿಡಿದರು. ಮರಳು ಮತ್ತು ಸೋಡಗಳಿಂದಾಗುವ ಈ ಅಗ್ಗದ ವಸ್ತುವನ್ನು ತೂಕ ತುಂಬಲು ಹಾಕಿದವರೂ ಇದ್ದರು. ಆದರೆ ಅದನ್ನು ಹಿತಮಿತವಾಗಿ ಬೆರೆಸಿದ ಸಾಬೂನಿಗೆ ಕಮಟು ಹಿಡಿಯುವುದು ತಡವಾಗುತ್ತದೆಂಬುದೂ ಅನುಭವಕ್ಕೆ ಬಂದಿತು. ಏಕೆಂಬುದು ಮಾತ್ರ ಆಗ ಸ್ಪಷ್ಟವಾಗಿರಲಿಲ್ಲ.

ಆ ಏಕೆಂಬುದರ ಎಳೆ ಸಾಬೂನಿನ ಕೊಪ್ಪರಿಗೆಯಲ್ಲಿ ಸಿಕ್ಕಲಿಲ್ಲ. ಜಿನೀವಾ ನಗರದ ಒಬ್ಬ ವಿದ್ವಾಂಸನ ಮೇಜಿನ ಮೇಲೆ ಸಿಕ್ಕಿತು. 1820ರಲ್ಲಿ ನಿಕೊಲಾ ತಿಯೊಡೋರ್ ದ ಸೊಸ್ಯೂರ್ ಎಂಬಾತನು ಅಕ್ರೋಟಿನ ಎಣ್ಣೆಯ ಒಂದು ಪದರವನ್ನು ಆಮ್ಲಜನಕದೊಡನೆ ಮುಚ್ಚಿಟ್ಟು, ಅದು ಎಷ್ಟು ಅನಿಲವನ್ನು ಹೀರುತ್ತದೆಂದು ಅಳೆಯುತ್ತ ಕುಳಿತನು. ಮೊದಲ ಎಂಟು ತಿಂಗಳಲ್ಲಿ ಎಣ್ಣೆ ಹೀರಿದುದು ತನ್ನ ಗಾತ್ರದ ಸುಮಾರು ಮೂರರಷ್ಟು ಮಾತ್ರ. ಆಮೇಲೆ ಹತ್ತೇ ದಿನಗಳಲ್ಲಿ ಸುಮಾರು ಅರುವತ್ತರಷ್ಟನ್ನು ಹೀರಿತು! ಮನೆಯ ಸಾಬೂನು ತಿಂಗಳುಗಟ್ಟಲೆ ಚೆನ್ನಾಗಿದ್ದು ಥಟ್ಟನೆ ಒಂದು ವಾರದಲ್ಲಿ ಚುಕ್ಕೆಬೀಳುವುದೇಕೆಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಗಾಳಿಯ ಆಮ್ಲಜನಕ ಎಣ್ಣೆಯ ಒಂದು ಕಣವನ್ನು ಹಿಡಿಯುತ್ತದೆ, ಅದು ಪಕ್ಕದ ಕಣವನ್ನು ಕೆಣಕುತ್ತದೆ, ಅದು ಮತ್ತೊಂದನ್ನು. ಹುಲ್ಲಿನ ಬಣವೆಯಲ್ಲಿ ಒಳಗೊಳಗೇ ಹೊಗೆಯಾಡುವ ಕಿಡಿ ಹಠಾತ್ತಾಗಿ ಉರಿಯಾಗಿ ಏಳುವಂತೆ ಇದು.

ಎಲ್ಲ ಎಣ್ಣೆಗಳೂ ಒಂದೇ ವೇಗದಲ್ಲಿ ಹೀಗಾಗುವುದಿಲ್ಲ. ಅಗಸೆ ಎಣ್ಣೆಯನ್ನು ಮರಕ್ಕೆ ಬಳಿದರೆ ಒಣಗಿ ಗಟ್ಟಿ ಪೊರೆಯಾಗುತ್ತದೆಂಬುದನ್ನು ನಮ್ಮ ಬಡಗಿಗಳು ಬಲ್ಲರು. ಆ ಒಣಗುವಿಕೆ ನೀರು ಆರಿದುದಲ್ಲ, ಗಾಳಿಯನ್ನು ಕುಡಿದುದು. ಬಡಗಿಗೆ ಬೇಕಾದ ಅದೇ ಗುಣ ಸಾಬೂನಿಗೆ ಶತ್ರು. ಬೇಗ ಗಾಳಿ ಕುಡಿಯುವ ಲಿನೋಲಿಯಿಕ್ ಆಮ್ಲದ ಅಂಶ ನಮ್ಮ ಉತ್ತರದ ಜಿಲ್ಲೆಗಳ ಕುಸುಬೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇಕಡಾ 75ರ ಆಸುಪಾಸಿನಲ್ಲಿದೆ. ಆಲಿವ್ ಎಣ್ಣೆಯಲ್ಲಿ 10ರ ಸುಮಾರು. ಕೊಬ್ಬರಿ ಎಣ್ಣೆಯಲ್ಲಿ 2ರ ಸುಮಾರು. ಮಾರ್ಸೇಲ್ಸಿನ ಶಾಸನದ ಹಿಂದಿನ ಅನುಭವ ಎಷ್ಟು ನಿಜವಾಗಿತ್ತೆಂಬುದು ಈ ಅಂಕಿಗಳಿಂದ ತಿಳಿಯುತ್ತದೆ.

ಈ ಕಿಡಿಯನ್ನು ನಂದಿಸುವ ವಸ್ತುಗಳು ಸಿಕ್ಕಿದ ಬಗೆ ಮತ್ತೂ ವಿಚಿತ್ರವಾದುದು. ಒಗ್ಗರಣೆಯ ಎಣ್ಣೆ ಮಿತಿಮೀರಿ ಕಾದು ಹೊಗೆಯೆದ್ದಾಗ ಕಣ್ಣು ಮೂಗುಗಳನ್ನು ಉರಿಸುವ ಘಾಟು ಯಾವುದು? ಅಕ್ರೋಲೀನ್ ಎಂಬ ದ್ರವ್ಯದ್ದು. ಸಾಬೂನು ಮಾಡುವಾಗ ಹುಟ್ಟುವ ಗ್ಲಿಸರಿನ್ನಿನಿಂದಲೇ ಅದನ್ನು ತಯಾರಿಸಬಹುದು. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ಇದನ್ನು ಶತ್ರುಗಳ ಮೇಲೆ ಬಿಡುವ ವಿಷವಾಯುವಾಗಿ ಬಳಸಹೊರಟರು. ಆದರೆ ಶೇಖರಿಸಿಟ್ಟ ಅಕ್ರೋಲೀನ್ ತಾನಾಗಿಯೇ ಕೆಟ್ಟು ಗಟ್ಟಿಯಾಗಿ ನಿರುಪಯುಕ್ತವಾಗುತ್ತಿದ್ದಿತು. ಅದನ್ನು ಕಾಯುವ ಉಪಾಯವನ್ನು ಹುಡುಕಲು ತೊಡಗಿದ ಶಾರ್ಲ್ ಮೂರ‍್ಯೂ ಮತ್ತು ಶಾರ್ಲ್ ಡ್ಯುಫ್ರೇಸ್ ಎಂಬಿಬ್ಬರು, ಹೈಡ್ರೊಕ್ವಿನೋನ್ ಮೊದಲಾದ ಫಿನಾಲ್ ವರ್ಗದ ವಸ್ತುಗಳನ್ನು ಅತ್ಯಲ್ಪವಾಗಿ ಬೆರೆಸಿದರೂ ಈ ಕೇಡು ನಿಲ್ಲುವುದೆಂದು ಕಂಡುಕೊಂಡರು. ಯುದ್ಧ ಮುಗಿದ ಮೇಲೆ, 1922ರಿಂದ ಮುಂದಕ್ಕೆ, ಎಣ್ಣೆಕೊಬ್ಬುಗಳಿಗೂ ಇದೇ ನ್ಯಾಯ ಸಲ್ಲುವುದೆಂದು ತೋರಿಸಿಕೊಟ್ಟರು. ಆಮ್ಲಜನಕವನ್ನು ತಡೆಯುವ ಇಂಥ ವಸ್ತುಗಳ ಶಾಸ್ತ್ರಕ್ಕೆ ಅದೇ ಅಡಿಪಾಯ. ಸಾಬೂನಿನ ಕೊಪ್ಪರಿಗೆಯಿಂದ ಯುದ್ಧಭೂಮಿಗೆ ಹೋದ ಗ್ಲಿಸರಿನ್ನಿನ ಸಂತಾನ, ಸಾಬೂನಿನ ಕಾಪನ್ನು ಹೊತ್ತು ಮನೆಗೆ ಮರಳಿದಂತಾಯಿತು.

ಅದೇ ಯುದ್ಧ ನಮ್ಮ ನಾಡಿಗೂ ಒಂದು ಸಾಬೂನನ್ನು ಕೊಟ್ಟಿತು. ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕೆಲಸ ಮೊದಲಾಯಿತು. ಅದರ ಬೆನ್ನಿಗೆ ಸರ್ಕಾರಿ ಸಾಬೂನು ಕಾರ್ಖಾನೆ ಬಂದಿತು. ವಿದೇಶದಲ್ಲಿ ತರಬೇತು ಹೊಂದಿದ ಎಸ್. ಜಿ. ಶಾಸ್ತ್ರಿಗಳು ಮೈಸೂರು ಸ್ಯಾಂಡಲ್ ಸಾಬೂನಿಗೆ ರೂಪ ಕೊಟ್ಟರು. ಕಾರ್ಖಾನೆಯ ಸಾಬೂನಿಗೂ ಮನೆಯ ಸಾಬೂನಿಗೂ ಇರುವ ಒಂದು ಅಂತರವನ್ನು ಇಲ್ಲಿಯೇ ಹೇಳಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಉಪ್ಪುನೀರಿನಿಂದ ಸಾಬೂನನ್ನು ತೊಳೆದು ಗ್ಲಿಸರಿನ್ನನ್ನೂ ಕಲ್ಮಷವನ್ನೂ ಬೇರ್ಪಡಿಸುವುದು ರೂಢಿ. ಮನೆಯಲ್ಲಿ ಹಾಗೆ ತೊಳೆಯುವುದಿಲ್ಲ. ಅದಲ್ಲದೆ ಚರ್ಮಕ್ಕೆ ಹಿತವಾಗಿರಲೆಂದು ಎಣ್ಣೆಯ ಶೇಕಡಾ 5ರಷ್ಟನ್ನು ಸಾಬೂನಾಗದಂತೆ ಬೇಕೆಂದೇ ಉಳಿಸುತ್ತಾರೆ. ಉಳಿದ ಆ ಎಣ್ಣೆಯೇ ಕಮಟಿಗೆ ಮೊದಲ ತುತ್ತು. 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಆಯೋಗವು ಬೇವು, ಹೊಂಗೆ, ಹಿಪ್ಪೆಗಳಂಥ ತಿನ್ನಲಾಗದ ಎಣ್ಣೆಗಳ ಸಾಬೂನಿಗೆ ಉತ್ತೇಜನ ಕೊಟ್ಟಾಗಲೂ, ಮಳೆಯಲ್ಲಿ ನೆನೆದ ಬೀಜದ ಎಣ್ಣೆ ಹುಳಿಯಾಗಿ ಕಪ್ಪಾಗುವುದು ಈ ಗ್ರಾಮೋದ್ಯೋಗದ ದೊಡ್ಡ ತೊಡಕಾಗಿತ್ತು.

ಇನ್ನೊಂದು ಶತ್ರುವುಂಟು: ಲೋಹದ ಸೋಂಕು. ಕಬ್ಬಿಣ, ತಾಮ್ರಗಳ ಲವಲೇಶವಿದ್ದರೂ ಆಮ್ಲಜನಕದ ಕೆಲಸ ಚುರುಕಾಗುತ್ತದೆ. ಕಬ್ಬಿಣದ ಜಾಲರಿಯ ಮೇಲೆ ಒಣಗಲಿಟ್ಟ ಬಿಲ್ಲೆಗೆ ಜಾಲರಿ ತಗಲಿದ ಕಡೆಗಳಲ್ಲಿಯೇ ಚುಕ್ಕೆ ಬೀಳುವುದನ್ನು ನೋಡಬಹುದು. ಅಂತರ್ಯುದ್ಧದ ಕಾಲದ ಸಿಲಿಕೇಟ್ ಸಾಬೂನನ್ನು ಕಾಯ್ದುದೂ ಬಹುಮಟ್ಟಿಗೆ ಈ ಲೋಹಗಳನ್ನು ಕಟ್ಟಿಹಾಕಿಯೇ. ಲೋಹವನ್ನು ಹಿಡಿದಿಡುವ ಇ.ಡಿ.ಟಿ.ಎ. ಎಂಬ ಸಮರ್ಥ ದ್ರವ್ಯವನ್ನು ಜರ್ಮನಿಯಲ್ಲಿ ಫರ್ಡಿನಾಂಡ್ ಮುಂಟ್ಸ್ 1935ರಲ್ಲಿ ತಯಾರಿಸಿದನು. ಕಿಡಿ ನಂದಿಸುವ ಫಿನಾಲ್ ವರ್ಗದಿಂದ ಬಿ.ಎಚ್.ಟಿ. ಎಂಬುದು ಬಂದು, 1954ರಲ್ಲಿ ಅಮೆರಿಕದಲ್ಲಿ ಆಹಾರಕ್ಕೂ ಒಪ್ಪಿಗೆ ಪಡೆಯಿತು. ಒಂದು ಕಿಡಿಯನ್ನು ನಂದಿಸುತ್ತದೆ, ಇನ್ನೊಂದು ಕಿಡಿಗೆ ಗಾಳಿ ಬೀಸುವವನ ಕೈ ಹಿಡಿಯುತ್ತದೆ. ಎರಡನ್ನೂ ಕೂಡಿಸಿ ಬಳಸುವ ಪದ್ಧತಿ ಕಾರ್ಖಾನೆಗಳಲ್ಲಿ ಬೇರೂರಿತು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಸಾಬೂನಿನ ಬಿಲ್ಲೆ ಅನ್ನದಂತೆ ಹಳಸುವುದಲ್ಲ, ಉಪ್ಪಿನಕಾಯಿಯಂತೆ ಬೂಷ್ಟು ಹಿಡಿಯುವುದೂ ಅಲ್ಲ. ಅದರಲ್ಲಿ ನೀರು ಕಡಮೆ, ಕ್ಷಾರಗುಣ ಹೆಚ್ಚು. ಸೂಕ್ಷ್ಮಜೀವಿಗಳು ಅಲ್ಲಿ ಬೆಳೆಯಲಾರವು. ಅದರ ಕೇಡು ಎಣ್ಣೆಯ ಕಮಟು, ಕಬ್ಬಿಣದ ತುಕ್ಕಿಗೆ ದಾಯಾದಿ. ಈ ವಿವೇಚನೆಯಿಲ್ಲದೆ ಉಪ್ಪಿನಕಾಯಿ, ಷರಬತ್ತುಗಳಿಗೆ ಹಾಕುವ ಸೋಡಿಯಂ ಬೆಂಜೊಯೇಟನ್ನು ಸಾಬೂನಿಗೂ ಹಾಕಿದರೆ ಆ ಹಣ ನೀರಿಗೆ ಬಿದ್ದಂತೆ. ಅದು ಹುಳಿಯಿರುವ ಕಡೆ ಮಾತ್ರ ಕೆಲಸ ಮಾಡುತ್ತದೆ, ಅದೂ ಸೂಕ್ಷ್ಮಜೀವಿಗಳ ಮೇಲೆ. ಸಾಬೂನಿನಲ್ಲಿ ಹುಳಿಯೂ ಇಲ್ಲ, ಆ ಶತ್ರುವೂ ಇಲ್ಲ. ನೀರನ್ನು ಧಾರಾಳವಾಗಿ ಬೆರೆಸಿದ ದ್ರವಸಾಬೂನಿನ ಮಾತು ಬೇರೆ. ಅಲ್ಲಿ ಜೀವಾಣುಗಳಿಗೆ ಎಡೆಯುಂಟು. ಆದುದರಿಂದ ಅಲ್ಲಿಗೆ ಅಂಥ ಕ್ಷಾರದಲ್ಲಿಯೂ ಕೆಲಸ ಮಾಡುವ ಬೇರೆ ಕಾಪೇ ಬೇಕು.

ಮನೆಯಲ್ಲಿ ಸಾಬೂನು ಮಾಡುವವರು ಈ ಚರಿತ್ರೆಯಿಂದ ತಿಳಿಯಬೇಕಾದುದು ಎರಡು ಬಾಗಿಲುಗಳ ಕಾವಲು. ಮೊದಲನೆಯದು ಎಣ್ಣೆಯ ಬಾಗಿಲು. ತುಳಸಿಯ ಕುಟುಂಬಕ್ಕೇ ಸೇರಿದ ರೋಸ್‌ಮೆರಿ ಎಂಬ ಗಿಡದ ಸಾರಸತ್ವವನ್ನಾಗಲಿ ಬಿ.ಎಚ್.ಟಿ.ಯನ್ನಾಗಲಿ, ಮಾರುವವರು ತಿಳಿಸಿದ ಪ್ರಮಾಣದಲ್ಲಿ, ಎಣ್ಣೆ ಹೊಸದಾಗಿರುವಾಗಲೇ ಬೆರೆಸಬೇಕು. ಆ ಗಿಡದ ಸುಗಂಧ ತೈಲವೇ ಬೇರೆ, ಸಾರಸತ್ವವೇ ಬೇರೆ. ಕಮಟನ್ನು ತಡೆಯುವುದು ಎರಡನೆಯದು. ಎರಡನೆಯದು ನೀರಿನ ಬಾಗಿಲು, ಲೋಹವನ್ನು ಕಟ್ಟುವುದಕ್ಕೆ. ಇದಕ್ಕೆ ನಿಂಬೆಯ ಹುಳಿ, ಎಂದರೆ ಸಿಟ್ರಿಕ್ ಆಮ್ಲ, ಸುಲಭವಾದುದು. ಒಂದು ಕಿಲೋಗ್ರಾಂ ಎಣ್ಣೆಗೆ 10 ಗ್ರಾಂ ಲೆಕ್ಕದಲ್ಲಿ ಅದನ್ನು ನೀರಿನಲ್ಲಿ ಕರಗಿಸಿಕೊಂಡರೆ, ಕ್ಷಾರದೊಡನೆ ಸೇರಿ ಸೋಡಿಯಂ ಸಿಟ್ರೇಟ್ ಆಗಿ ಲೋಹವನ್ನು ಹಿಡಿದಿಡುತ್ತದೆ. ಆದರೆ ಅದು ತನ್ನ ಪಾಲಿನ ಕ್ಷಾರವನ್ನು ನುಂಗುವುದರಿಂದ, ನೀರಿನಂಶವಿಲ್ಲದ 10 ಗ್ರಾಂ ಆಮ್ಲಕ್ಕೆ 6.2 ಗ್ರಾಂ, ನೀರಿನಂಶ ಕೂಡಿದ ಹರಳಾದರೆ 5.7 ಗ್ರಾಂ ಕಾಸ್ಟಿಕ್ ಸೋಡವನ್ನು ಲೆಕ್ಕಕ್ಕೆ ಹೆಚ್ಚಾಗಿ ಕೂಡಿಸಿಕೊಳ್ಳಬೇಕು. ಕಾಸ್ಟಿಕ್ ಸೋಡವನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಕಣ್ಣು ಕೈಗಳಿಗೆ ಮರೆ ಇರಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಹಾಕುವುದರಿಂದ ಅದು ಸಲ್ಲದು; ತಾಮ್ರ ಹಿತ್ತಾಳೆಗಳೂ ಸಲ್ಲವು. ಕೊಳವೆಬಾವಿಯ ನೀರಿಗಿಂತ ಬಟ್ಟಿಯಿಳಿಸಿದ ನೀರು ಮೇಲು. ಒಣಗಿಸಲು ಮರದ ಹಲಗೆ, ನೆರಳು, ಗಾಳಿ ಇವಿಷ್ಟಿರಲಿ.

ಇಷ್ಟೆಲ್ಲ ಬೆರೆಸಿದರೂ ಆಗದ ಕೆಲಸವೊಂದುಂಟು. ಈ ದ್ರವ್ಯಗಳಾವುವೂ ಕೆಟ್ಟ ಎಣ್ಣೆಯನ್ನು ಒಳ್ಳೆಯದಾಗಿ ಮಾಡಲಾರವು. ಒಳ್ಳೆಯದು ಕೆಡುವ ದಿನವನ್ನು ಮುಂದೂಡಬಲ್ಲವು, ಅಷ್ಟೆ. ಅಂಗಡಿಯ ಮೂಲೆಯಲ್ಲಿ ಬಿಸಿಲು ಕಂಡ ಹಳೆಯ ಡಬ್ಬಿಯ ಎಣ್ಣೆ ಸೋವಿಯಾಗಿ ಸಿಕ್ಕಿತೆಂದು ತಂದು, ಮದ್ದು ಹಾಕಿದರೆ ಸರಿಹೋದೀತೆಂದು ನೆಚ್ಚಿದರೆ, ಆರು ತಿಂಗಳೊಳಗೆ ಚುಕ್ಕೆಗಳು ಲೆಕ್ಕ ಒಪ್ಪಿಸುತ್ತವೆ. ಕೊಬ್ಬರಿ ಎಣ್ಣೆಯ ಪಾಲನ್ನು ಮುಂದುಮಾಡಿ, ಸೂರ್ಯಕಾಂತಿ ಕುಸುಬೆಗಳನ್ನು ಹಿಂದುಮಾಡಿ, ಒಂದು ತಿಂಗಳಿಗೆ ಬೇಕಾದಷ್ಟೇ ಹೊಸ ಎಣ್ಣೆಯನ್ನು ಕೊಂಡು, ಬಿಲ್ಲೆಯ ಮೇಲೆ ಮಾಡಿದ ದಿನವನ್ನು ಗುರುತುಹಾಕಿ ಹಳೆಯದನ್ನು ಮೊದಲು ಮಾರುವವರಿಗೆ, ಗ್ರಾಂ ಲೆಕ್ಕದ ಈ ಮದ್ದು ನಿಜವಾಗಿ ಒದಗಿಬರುತ್ತದೆ.